ಸಂಪಾದಕರ ಉತ್ತರ: ಗದ್ದೆಗಿಳಿದ ಸಂಗೀತ

ಪತ್ರ: "ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಹಬ್ಬಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ. ಕೆಸರಿನಲ್ಲಿ ಕುಣಿಯುವವರಿಂದ ಮುಂಬಯಿ ಕನ್ನಡಿಗರು ಕಲಿಯುವುದು ಏನಿದೆ? ಸಂಗೀತಕ್ಕೆ ನಿಶ್ಶಬ್ದ ಬೇಕು, ಒಳ್ಳೆಯ ಸಭಾಂಗಣ ಬೇಕು, ಬೆನ್ನಿಗೆ ಕುರ್ಚಿ ಬೇಕು. ಕಾರ್ಕಳದ ಹತ್ತಿರ ನನ್ನದೂ ಗದ್ದೆ ಇದೆ. ಹತ್ತು ವರ್ಷದಿಂದ ಬೇಸಾಯ ಇಲ್ಲದೆ ಹಡೀಲು ಬಿದ್ದಿದೆ. ಊರಿಗೆ ಹೋದರೂ ನಾನು ಜಗಲಿ ಇಳಿಯುವುದಿಲ್ಲ. ಈ ಬಯಲಿನ ಹುಚ್ಚೆಲ್ಲ ಪೇಟೆಯವರಿಗೆ."
- ಓದುಗರೊಬ್ಬರು, ಡೊಂಬಿವಲಿ

ರಾಯರೇ, ನಿಮ್ಮ ಪತ್ರ ಓದಿ ಖುಷಿಯಾಯಿತು. ಬೈಯುವುದಕ್ಕಾದರೂ ನಾಲ್ಕು ಪುಟ ಓದಿದಿರಲ್ಲ.

ನಿಮ್ಮ ಪಕ್ಷಕ್ಕೆ ಒಂದು ಸಾಕ್ಷಿಯನ್ನು ನಾನೇ ಕೊಡುತ್ತೇನೆ. 1969ರಲ್ಲಿ ಅಮೆರಿಕದ ವುಡ್‌ಸ್ಟಾಕ್ ಹಬ್ಬ ನಡೆದದ್ದು ಹೈನುಗಾರಿಕೆ ಮಾಡುತ್ತಿದ್ದ ರೈತನೊಬ್ಬನ ಹೊಲದಲ್ಲಿ. ರವಿಶಂಕರ್ ಅಲ್ಲಿ ಮಳೆಯಲ್ಲೇ ಸಿತಾರ್ ನುಡಿಸಿದರು. ಕೆಸರಿನ ಆ ಜನರನ್ನು ಕಂಡು ಅವರಿಗೆ ನಮ್ಮ ಕಡೆಯ ಎಮ್ಮೆಗಳ ನೆನಪಾಯಿತಂತೆ. ಸಿತಾರಿಗೆ ತೇವ ಆಗುವುದಿಲ್ಲ, ಬೆನ್ನುನೋವಿಗೆ ನೆಲ ಆಗುವುದಿಲ್ಲ. ಒಪ್ಪಿದೆ. ಇಷ್ಟು ಸಾಕು ಅಲ್ವಾ? ಇನ್ನು ನನ್ನ ಸರದಿ.

ನೀವು ಫೋಟೋ ನೋಡಿ ಸಿಟ್ಟಾಗಿದ್ದೀರಿ ಅಂತ ನನ್ನ ಗುಮಾನಿ. ಕೆಸರಿನ ಫೋಟೋವನ್ನೇ ಅಷ್ಟು ದೊಡ್ಡದಾಗಿ ಹಾಕಿದ್ದು ನಮ್ಮ ತಪ್ಪು. ಆ ಹಬ್ಬ ಶುರು ಮಾಡಿದ ಮೈಕಲ್ ಈವಿಸ್ ಪಿಲ್ಟನ್ ಎಂಬ ಹಳ್ಳಿಯಲ್ಲಿ ಹಸು ಸಾಕುತ್ತಿದ್ದವರು. 1970ರ ಮೊದಲ ಹಬ್ಬಕ್ಕೆ ಟಿಕೆಟ್ ಒಂದು ಪೌಂಡ್, ಜೊತೆಗೆ ಅವರ ಕೊಟ್ಟಿಗೆಯ ಹಾಲು ಪುಕ್ಕಟೆ. ಬಂದವರು ಸುಮಾರು 1500 ಜನ. ಈಗ ಜೂನ್ ಕೊನೆಗೆ ಎರಡು ಲಕ್ಷ ಜನ ಸೇರುತ್ತಾರೆ. ನನ್ನನ್ನು ಹಿಡಿದದ್ದು ಈ ಲೆಕ್ಕ ಅಲ್ಲ. ಕೆಲವು ವರ್ಷಕ್ಕೊಮ್ಮೆ ಅವರು ಹಬ್ಬವನ್ನೇ ನಿಲ್ಲಿಸುತ್ತಾರೆ. 2018ರಲ್ಲಿ ನಿಲ್ಲಿಸಿದ್ದರು. ಹುಲ್ಲು ಬೆಳೆಯಲಿ, ಹಸು ಮೇಯಲಿ, ನೆಲ ಸುಧಾರಿಸಿಕೊಳ್ಳಲಿ ಅಂತ. ಅಷ್ಟು ದೊಡ್ಡ ವ್ಯಾಪಾರ ಬಿಟ್ಟು ಹಸುವಿಗೆ ದಾರಿ ಬಿಡುವವರು ಎಷ್ಟು ಜನ ಸಿಗುತ್ತಾರೆ? ನಿಮ್ಮೂರ ಮಾತಿನಲ್ಲಿ ಹೇಳಿದರೆ ಅವರು ಹೊಲವನ್ನು ಬೇಕೆಂದೇ ಹಡೀಲು ಬಿಡುತ್ತಾರೆ. ನಿಮ್ಮದು ಹಡೀಲು ಬಿದ್ದಿದೆ. ಬಿಡುವುದು ಬೇರೆ, ಬೀಳುವುದು ಬೇರೆ.

ಇಂಗ್ಲೆಂಡ್ ಬೇಡ ಅಂದರೆ ಅರುಣಾಚಲಕ್ಕೆ ಹೋಗಿ. ಜೀರೋ ಕಣಿವೆಯಲ್ಲಿ 2012ರಿಂದ ಇಂಥ ಹಬ್ಬ ನಡೆಯುತ್ತಿದೆ. ಅಪತಾನಿ ಜನ ಬಿದಿರಿನಿಂದಲೇ ವೇದಿಕೆ ಕಟ್ಟುತ್ತಾರೆ. ಸುತ್ತ ಭತ್ತದ ಗದ್ದೆ.

ಅಷ್ಟು ದೂರವೂ ಬೇಡ, ಗೋವಾ ಸಾಕು. ಸಾಂಗೆ ತಾಲೂಕಿನ ಕುರ್ಡಿ ಎಂಬ ಊರು ಸಾಲಾವಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ. ಗಾಯಕಿ ಕಿಶೋರಿ ಅಮೋಣಕರ್ ಅವರ ತಾಯಿ, ತಾವೂ ದೊಡ್ಡ ಗಾಯಕಿಯಾದ ಮೊಗುಬಾಯಿ ಕುರ್ಡೀಕರ್ ಹುಟ್ಟಿದ ಊರು ಅದು. ಬೇಸಿಗೆಯಲ್ಲಿ ನೀರು ಇಳಿದರೆ ಮೇ ತಿಂಗಳಲ್ಲಿ ಊರು ಎದ್ದು ಬರುತ್ತದೆ. ಬಿಟ್ಟು ಹೋದವರು ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ಸೇರುತ್ತಾರೆ. ಸೋಮೇಶ್ವರನ ಪೂಜೆ ಆಗುತ್ತದೆ, ಕ್ರೈಸ್ತರು ತಮ್ಮ ಪುಟ್ಟ ಇಗರ್ಜಿಯ ಹಬ್ಬಕ್ಕೆ ಬರುತ್ತಾರೆ. ಕೆಲವು ವರ್ಷದ ಹಿಂದೆ ಮಡಗಾಂವಿನ ಗೆಳೆಯರೊಬ್ಬರು ನನ್ನನ್ನು ಕರೆದುಕೊಂಡು ಹೋಗಿದ್ದರು. ಬಿರುಕುಬಿಟ್ಟ ಮಣ್ಣು, ಒಣಗಿದ ಬೊಡ್ಡೆಗಳು, ಮನೆಗಳ ಅಡಿಪಾಯ ಮಾತ್ರ. ಒಬ್ಬ ಅಜ್ಜ ತಮ್ಮ ಮನೆಯ ಅಡಿಪಾಯದೊಳಗೆ ಕೂತು ಒಂದು ಅಭಂಗ ಹಾಡಿದರು. ಮೈಕ್ ಇಲ್ಲ. ಕೇಳಲು ನಾವು ಹತ್ತು ಜನ. ಹಾಡು ಮುಗಿಸಿ ಎದ್ದವರು ಬಾಗಿಲು ಇದ್ದ ಜಾಗ ಹುಡುಕಿ, ಅಲ್ಲಿಂದಲೇ ಹೊರಗೆ ಬಂದರು. ಗೋಡೆ ಒಂದೂ ಇರಲಿಲ್ಲ. ರಾಯರೇ, ಆ ಹಾಡನ್ನು ನೀವು ಯಾವ ಎ.ಸಿ. ಹಾಲ್‌ಗೆ ತರುತ್ತೀರಿ?

ಶಾಸ್ತ್ರೀಯ ಸಂಗೀತ ಬೇರೆ ಎನ್ನುತ್ತೀರೇನೋ. ಪುಣೆಯ ಸವಾಯಿ ಗಂಧರ್ವ ಉತ್ಸವವನ್ನು ಭೀಮಸೇನ ಜೋಶಿ 1953ರಲ್ಲಿ ಗುರುವಿನ ನೆನಪಿಗೆ ಶುರು ಮಾಡಿದರು. ಅದು ಚಳಿಗಾಲದ್ದು, ಪೇಟೆಯದ್ದು, ನಿಜ. ಆದರೆ ಅದರ ಬೇರು ಕುಂದಗೋಳದಲ್ಲಿದೆ. ಸವಾಯಿ ಗಂಧರ್ವ ಅಂದರೆ ಅಲ್ಲಿನ ರಾಮಭಾವು. ಅವರಿಗೆ ಗುರು ಅಬ್ದುಲ್ ಕರೀಮ್ ಖಾನ್. ರಾಮಭಾವು ಅವರ ಹತ್ತಿರ ಕಲಿತವರು ಗದಗಿನ ಹುಡುಗ ಭೀಮಸೇನ, ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದ ಗಂಗೂಬಾಯಿ. ಈಗ ಎಲ್ಲ ಹಬ್ಬದ ಬ್ಯಾನರಿನಲ್ಲೂ ವೈವಿಧ್ಯ ಅಂತ ಬರೆಯುತ್ತಾರಲ್ಲ, ಅದು ಬ್ಯಾನರ್ ಇಲ್ಲದೆ ಆ ಹಳ್ಳಿಯಲ್ಲಿತ್ತು. ನಾನು ಮೊದಲ ಸಲ ಪುಣೆಯ ಉತ್ಸವಕ್ಕೆ ಹೋದಾಗ ಶಾಲೆಯ ಮೈದಾನದಲ್ಲಿ ಪೆಂಡಾಲ್. ಜಮಖಾನೆ ಮೇಲೆ ಕಂಬಳಿ ಹೊದ್ದು ಕೂತಿದ್ದೆ. ನಡುರಾತ್ರಿ ಪಕ್ಕದ ಅಜ್ಜಿ ಡಬ್ಬಿ ಬಿಚ್ಚಿ ಥಾಲಿಪೀಠ ಕೊಟ್ಟರು. ನನ್ನ ಹೆಸರೂ ಕೇಳಲಿಲ್ಲ. ಹಾಲ್‌ನಲ್ಲಾದರೆ ಪಕ್ಕದ ಸೀಟಿನವರ ಜೊತೆ ನಮ್ಮ ಸಂಬಂಧ ಮೊಣಕೈ ಜಗಳ ಒಂದೇ.

ಇನ್ನು ನಿಶ್ಶಬ್ದದ ವಿಚಾರ. ನಮ್ಮ ಮುಂಬಯಿ ಕನ್ನಡ ಕಾರ್ಯಕ್ರಮಗಳಿಗೆ ನೀವೂ ಬರುತ್ತೀರಿ, ನಾನೂ ಬರುತ್ತೇನೆ. ಸಂಗೀತ ಸಂಜೆ ಅಂತ ಕಾರ್ಡು. ವೇದಿಕೆ ಮೇಲೆ ಹದಿನಾಲ್ಕು ಗಣ್ಯರು. ಒಬ್ಬೊಬ್ಬರಿಗೂ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಫೋಟೋ. ಹಾಡುವ ಹುಡುಗಿ ಐದು ಗಂಟೆಯಿಂದ ತಂಬೂರಿ ಹಿಡಿದುಕೊಂಡು ಪರದೆಯ ಹಿಂದೆ ಕೂತಿರುತ್ತಾಳೆ. ಅವಳ ಸರದಿ ಬರುವುದು ಒಂಬತ್ತಕ್ಕೆ, ಸಿಗುವುದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಊಟದ ಟೋಕನ್ ಹಿಡಿದವರೆಲ್ಲ ಕೆಳಗೆ ಇಳಿದಾಗಿರುತ್ತದೆ. ಹೋದ ವರ್ಷ ಒಂದು ಹಾಲ್‌ನಲ್ಲಿ ಕಾವಲುಗಾರ ಲೈಟ್ ಆರಿಸಿ ಹತ್ತಿಸಿ ಮಾಡುತ್ತಿದ್ದ, ಬಾಡಿಗೆ ಹೊತ್ತು ಮುಗಿಯಿತು ಅಂತ. ಅವನಿಗೆ ಬೈಯಲು ನನಗೆ ಮನಸ್ಸಾಗಲಿಲ್ಲ. ಹದಿನಾಲ್ಕು ಶಾಲುಗಳಿಗೆ ಹೊತ್ತು ಸಿಕ್ಕಿತ್ತಲ್ಲ. ಹಾಗೆ ನೋಡಿದರೆ ನಾನೂ ಪಾಪಿ, ಮನೆಯಲ್ಲಿ ಅಂಥ ಹನ್ನೊಂದು ಶಾಲು ಇವೆ.

ಇದೆಲ್ಲ ಇಂಗ್ಲಿಷರಿಂದ ಕಲಿಯಿರಿ ಅಂತ ನಾನು ಹೇಳುತ್ತಿಲ್ಲ. ನೀವು ಹುಟ್ಟಿ ಬೆಳೆದದ್ದು ಕಾರ್ಕಳದ ಕಡೆ. ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ ನೋಡದೆ ದೊಡ್ಡವರಾದಿರಾ? ಬದು ಕಡಿದು ರಂಗಸ್ಥಳ, ಅದರ ಹಿಂದೆ ವೇಷ ಕಟ್ಟುವ ಚೌಕಿ. ಮನೆಯಿಂದ ತಂದ ಚಾಪೆ, ನೆಲಗಡಲೆ, ಚರುಮುರಿ. ನಿದ್ದೆ ಬಂದರೆ ಅಲ್ಲೇ ಮಲಗುವುದು, ಚೆಂಡೆಗೆ ಎಚ್ಚರ ಆಗುವುದು. ಮೇ ಕೊನೆಗೆ ಪತ್ತನಾಜೆಯ ದಿನ ಬಂದರೆ ಮೇಳದವರು ಗೆಜ್ಜೆ ಬಿಚ್ಚಿದರು, ಮಳೆ ಬಂದರೆ ಅದೇ ಗದ್ದೆಗೆ ನೇಗಿಲು ಇಳಿಯಿತು. ಆಟಕ್ಕೂ ಬೇಸಾಯಕ್ಕೂ ಒಂದೇ ನೆಲ ಸಾಕಾಗಿತ್ತು. ಈಗ ನೇಗಿಲೂ ಇಲ್ಲ, ಆಟ ಮದುವೆ ಹಾಲ್‌ಗೆ ಹೋಗಿದೆ.

ಬಯಲಿನ ಹುಚ್ಚು ಪೇಟೆಯವರಿಗೆ ಅಂತ ಬರೆದಿರಲ್ಲ, ನಿಮ್ಮ ಗದ್ದೆಯ ಸುದ್ದಿಯನ್ನು ಸುಮ್ನೆ ಯಾಕೆ ಬರೆದಿರಿ? ನಾನು ಕೇಳಿರಲಿಲ್ಲ. ಬರುವ ಏಪ್ರಿಲಿನಲ್ಲಿ ಗಿಡಗಂಟಿ ಸವರಿಸಿ, ಒಂದು ರಾತ್ರಿ ಆಟ ಆಡಿಸಿ. ಭಾಷಣ ಬೇಡ, ಶಾಲು ಬೇಡ. ನಿಮಗೆ ಬೆನ್ನಿಗೆ ಒರಗುವ ಕುರ್ಚಿ ಹಾಕಿಸೋಣ. ಚಾಪೆ ನಾನು ಮುಂಬಯಿಯಿಂದಲೇ ತರುತ್ತೇನೆ.