ಸ್ವಂತ ಸಬ್‌ಮರೀನ್ ಮಾರುವಾಗ ಹೊಣೆ ಯಾರದು?

ಪ್ರಶ್ನೆ: ಮನೆಯಲ್ಲೇ ಕಟ್ಟಿದ, ಇಬ್ಬರು ಕೂರುವ ಸಬ್‌ಮರೀನನ್ನು ‘ಇದ್ದ ಸ್ಥಿತಿಯಲ್ಲೇ ಮಾರಾಟ’ ಎಂದು ಬರೆಸಿ ಕೊಟ್ಟರೆ, ಮುಂದೆ ಅಪಘಾತವಾದಾಗ ಕಟ್ಟಿದವರ ಮೇಲೆ ಹೊಣೆ ಬರುವುದಿಲ್ಲವೇ?

ಉತ್ತರ: ಆ ಒಂದು ಸಾಲನ್ನು ನಂಬಿ ಕೂರಬೇಡಿ. ಗೊತ್ತಿದ್ದ ದೋಷ ಮುಚ್ಚಿಟ್ಟಿದ್ದರೆ ಅಂಥ ಷರತ್ತು ಬಹುತೇಕ ಕಡೆ ನ್ಯಾಯಾಲಯದಲ್ಲಿ ನಿಲ್ಲದು. ಮೇಲಾಗಿ ಸಹಿ ಹಾಕುವುದು ಕೊಂಡವರು ಮಾತ್ರ. ಅವರ ಜೊತೆ ಇಳಿದ ಸ್ನೇಹಿತ ಸತ್ತರೆ ಅವನ ಮನೆಯವರನ್ನು ಆ ಕರಾರು ಸಾಮಾನ್ಯವಾಗಿ ಕಟ್ಟಿಹಾಕದು. ನೀವು ಮಾರಿದವರಷ್ಟೇ ಅಲ್ಲ, ವಿನ್ಯಾಸ ಮಾಡಿದವರೂ ಹೌದು.

ಕಿಟಕಿಯನ್ನೇ ನೋಡಿ. 50 ಮೀಟರ್ ಆಳದಲ್ಲಿ 30 ಸೆಂ.ಮೀ. ವ್ಯಾಸದ ಅಕ್ರಿಲಿಕ್ ಗಾಜಿನ ಮೇಲೆ ಸುಮಾರು ಮೂರೂವರೆ ಟನ್ ಭಾರ ಬೀಳುತ್ತದೆ. ಹೊಸ ಮಾಲೀಕ ಅದನ್ನು ಅಸಿಟೋನಿನಿಂದ (ಉಗುರುಬಣ್ಣ ತೆಗೆಯಲು ಬಳಸುವ ದ್ರಾವಕ) ಒರೆಸಿದರೆ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ‘ಅಸಿಟೋನ್ ಮುಟ್ಟಿಸಬೇಡಿ’ ಎಂದು ಕೈಪಿಡಿಯಲ್ಲಿ ಬರೆಯದಿದ್ದರೆ, ಎಚ್ಚರಿಸಲಿಲ್ಲವೆಂಬ ಆರೋಪ ನಿಮ್ಮ ಮೇಲೇ ಬರುತ್ತದೆ.

ಆದ್ದರಿಂದ ಒಡಲಿನ ಉಕ್ಕಿನ ದರ್ಜೆ, ದಪ್ಪ, ಬೆಸುಗೆ ಪರೀಕ್ಷೆಯ ವರದಿ, ಜನರಿಲ್ಲದೆ ಇಳಿಸಿ ನೋಡಿದ ಆಳ, ಗೊತ್ತಿರುವ ಪ್ರತಿಯೊಂದು ದೋಷ, ಇಷ್ಟನ್ನೂ ಬರೆದು ಪುಟಪುಟಕ್ಕೂ ಸಹಿ ಪಡೆಯಿರಿ. ಕರಡನ್ನು ನೌಕಾ ಕಾನೂನು ಬಲ್ಲ ವಕೀಲರಿಗೆ ತೋರಿಸಿ.

ದಾಖಲೆಗಳೇ ಇಲ್ಲವೆಂದಾದರೆ ಮುಳುಗುವ ವಾಹನವಾಗಿ ಮಾರಲೇಬೇಡಿ. ಒಡಲಿನಲ್ಲಿ ಅಂಗೈಯಗಲದ ತೂತು ಕೊರೆದು, ಫೋಟೊ ತೆಗೆದು, ‘ಪ್ರದರ್ಶನಕ್ಕೆ ಮಾತ್ರ’ ಎಂದು ಬರೆದು ಕೊಡಿ. ಬೆಲೆ ಬಿದ್ದುಹೋಗುತ್ತದೆ, ನಿಜ. ಆದರೂ ನಮ್ಮ ಸಲಹೆ ಇದೇ.