ಎಫ್‌ಡಿ ಅಂತ ಹೇಳಿ ವಿಮೆ ಮಾಡಿಸಿದ್ದಾರೆ, ಹಣ ವಾಪಸ್ ಬರುತ್ತಾ?

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕು. ಮುಳುಗಡೆ ಪರಿಹಾರದಲ್ಲಿ ಬಂದ 3 ಲಕ್ಷ ರೂಪಾಯಿಯನ್ನು ಎಫ್‌ಡಿ ಇಡಲು ಅಪ್ಪ ಬ್ಯಾಂಕಿಗೆ ಹೋಗಿದ್ದರು. ಅಲ್ಲಿದ್ದ ಒಬ್ಬರು ‘ಇದರಲ್ಲಿ ಎಫ್‌ಡಿಗಿಂತ ಜಾಸ್ತಿ ಬಡ್ಡಿ, ಒಂದೇ ಸಲ ಕಟ್ಟಿದರೆ ಸಾಕು’ ಎಂದು ಹೇಳಿ ಸಹಿ ಹಾಕಿಸಿಕೊಂಡರು. ಆಮೇಲೆ ಅಂಚೆಯಲ್ಲಿ ಇಂಗ್ಲಿಷ್ ಬಾಂಡ್ ಬಂತು. ಎಫ್‌ಡಿ ಕಾಗದ ಇರಬೇಕು ಎಂದು ಅಪ್ಪ ಅದನ್ನು ಟ್ರಂಕಿನಲ್ಲಿಟ್ಟರು. ಈಗ ಎರಡನೇ ಕಂತು 3 ಲಕ್ಷ ಕಟ್ಟಿ ಎಂದು ಮೆಸೇಜ್ ಬಂದಿದೆ! ಅದು ಹತ್ತು ವರ್ಷ ಕಂತು ಕಟ್ಟುವ ಜೀವ ವಿಮೆಯಂತೆ. ಅಪ್ಪನಿಗೆ 61 ವರ್ಷ, ಕನ್ನಡ ಮಾತ್ರ ಓದಲು ಬರುತ್ತದೆ. ‘ಸಹಿ ನಿಮ್ಮದೇ ಅಲ್ವಾ, ಬೇಕಾದರೆ ಸರೆಂಡರ್ ಮಾಡಿ’ ಎನ್ನುತ್ತಾರೆ ಬ್ಯಾಂಕಿನವರು. ಏನು ಮಾಡಬೇಕು?

ಉತ್ತರ: ಮೊದಲು ಒಂದು ಮಾತು. ಸರೆಂಡರ್ ಫಾರ್ಮಿಗೆ ನಿಮ್ಮ ತಂದೆ ಈಗಲೇ ಸಹಿ ಹಾಕುವುದು ಬೇಡ. ಸರೆಂಡರ್ ಎಂದರೆ ‘ಪಾಲಿಸಿ ನಾನೇ ತೆಗೆದುಕೊಂಡೆ, ಈಗ ಬೇಡವಾಯಿತು’ ಎಂದು ಒಪ್ಪಿದ ಹಾಗೆ. ಒಂದೇ ಕಂತು ಕಟ್ಟಿದ ಪಾಲಿಸಿಯಲ್ಲಿ ಹಾಗೆ ಸಿಗುವ ಹಣ ಕಟ್ಟಿದ್ದಕ್ಕಿಂತ ಬಹಳ ಕಡಿಮೆ. ನೀವು ಕೇಳಬೇಕಾದದ್ದು ಬೇರೆ: ಸುಳ್ಳು ಹೇಳಿ ಮಾರಿದ್ದಾರೆ, ಆದ್ದರಿಂದ ಪಾಲಿಸಿ ರದ್ದು ಮಾಡಿ ಪೂರ್ತಿ ಹಣ ಕೊಡಿ. ಹೊಲ ಕಳೆದುಕೊಂಡವರ ಕೈಗೆ ಬಂದ ಹಣ ಇದು. ಅರ್ಧಕ್ಕೆ ಒಪ್ಪಿಕೊಂಡು ಸುಮ್ಮನಾಗುವ ಅಗತ್ಯವೇ ಇಲ್ಲ.

ಬಾಂಡ್ ಕೈಗೆ ಬಂದ 30 ದಿನದೊಳಗೆ ಬೇಡ ಎಂದು ವಾಪಸ್ ಮಾಡುವ ಅವಕಾಶ ಇರುತ್ತದೆ. ಫ್ರೀ ಲುಕ್ ಎನ್ನುತ್ತಾರೆ. ನಿಮಗೆ ಆ ಅವಧಿ ಮುಗಿದಿರಬಹುದು. ಆದರೆ ಸುಳ್ಳು ಹೇಳಿ ಮಾರಿದ್ದರ ಮೇಲಿನ ದೂರು ಅದರಿಂದ ಮುಗಿದು ಹೋಗುವುದಿಲ್ಲ.

ಇನ್ನು ಸಹಿಯ ಮಾತು. ಓದದೆ ಸಹಿ ಹಾಕಿದೆ ಎಂದಷ್ಟೇ ಹೇಳಿದರೆ ಕೇಸು ನಿಲ್ಲುವುದು ಕಷ್ಟ. ಅದನ್ನು ಮುಚ್ಚಿಡದೆ ಹೇಳುತ್ತೇನೆ. ನಿಮ್ಮ ಬಲ ಇರುವುದು ಆ ಸಹಿಯ ಸುತ್ತಲಿನ ಕಾಗದಗಳಲ್ಲಿ. ವಿಮಾ ಕಂಪನಿಗೆ ಬರೆದು ಅರ್ಜಿ ಫಾರ್ಮಿನ ನಕಲು ತರಿಸಿಕೊಳ್ಳಿ. ಅದರಲ್ಲಿ ನಿಮ್ಮ ತಂದೆಯ ಉದ್ಯೋಗ, ವರ್ಷದ ಆದಾಯ ಏನು ಬರೆದಿದ್ದಾರೆ ನೋಡಿ. ಇಂಥ ಫಾರ್ಮುಗಳಲ್ಲಿ ಎಷ್ಟೋ ಸಲ ರೈತ ವ್ಯಾಪಾರಿಯಾಗಿರುತ್ತಾನೆ, ಇಲ್ಲದ ಆದಾಯ ಲಕ್ಷಗಳಲ್ಲಿ ಇರುತ್ತದೆ. ದುಡಿಮೆ ನಿಲ್ಲುವ ವಯಸ್ಸಿನವರಿಗೆ ವರ್ಷಕ್ಕೆ 3 ಲಕ್ಷದಂತೆ ಹತ್ತು ವರ್ಷ ಕಟ್ಟುವ ಪಾಲಿಸಿ ಹೇಗೆ ಹೊಂದುತ್ತದೆ? ಆ ಸುಳ್ಳು ಆದಾಯ ಇಲ್ಲದಿದ್ದರೆ ಅರ್ಜಿ ಪಾಸಾಗುತ್ತಿತ್ತೇ? ದೂರಿನಲ್ಲಿ ಈ ಪ್ರಶ್ನೆಯನ್ನೇ ಎತ್ತಿ.

ಮತ್ತೊಂದು ಕಡೆ ಕಣ್ಣಿಡಿ. ಸಹಿ ಕನ್ನಡದಲ್ಲಿದ್ದರೆ, ಫಾರ್ಮಿನ ವಿಷಯವನ್ನು ಅರ್ಜಿದಾರರ ಭಾಷೆಯಲ್ಲಿ ವಿವರಿಸಿದ್ದೇನೆ ಎಂದು ಬೇರೊಬ್ಬರು ಬರೆದು ಸಹಿ ಮಾಡುವ ಜಾಗ ಫಾರ್ಮಿನ ಕೊನೆಗೆ ಇರುತ್ತದೆ. ಅಲ್ಲಿ ಯಾರ ಸಹಿ ಇದೆ? ಅಪ್ಪನಿಗೆ ಅವರು ಯಾರೆಂದೇ ಗೊತ್ತಿಲ್ಲದಿದ್ದರೆ, ಅಥವಾ ಆ ಜಾಗ ಖಾಲಿ ಇದ್ದರೆ, ‘ಎಲ್ಲ ತಿಳಿಸಿ ಹೇಳಿದ್ದೆವು’ ಎಂಬ ಮಾತಿಗೆ ಬಲ ಉಳಿಯುವುದಿಲ್ಲ. ಪಾಲಿಸಿ ಕೊಡುವ ಮೊದಲು ಕಂಪನಿಯವರು ಫೋನ್ ಮಾಡಿದ್ದರೆ ಆ ರೆಕಾರ್ಡಿಂಗ್ ಕೊಡಿ ಎಂದು ಕೇಳಿ. ಬಾಂಡ್ ತಲುಪಿದ ದಿನದ ದಾಖಲೆಯನ್ನೂ ಕೇಳಿ.

ದೂರನ್ನು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕೊಡಿ, ಅದರ ಒಂದು ಪ್ರತಿಯನ್ನು ಬ್ಯಾಂಕ್ ಮ್ಯಾನೇಜರಿಗೆ ಕೊಡಿ. ಎರಡಕ್ಕೂ ಸೀಲು ಹಾಕಿಸಿಕೊಳ್ಳಿ ಅಥವಾ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಕನ್ನಡದಲ್ಲೇ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಎಂಬ ದೂರು ಪೋರ್ಟಲ್‌ನಲ್ಲೂ ದಾಖಲಿಸಬಹುದು, ಅದರ ಫೋನ್ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಸರಿಯಿಲ್ಲದಿದ್ದರೆ, ಮುಂದೆ ಎರಡು ದಾರಿ.

ಒಂದು, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ. ಫೀಸಿಲ್ಲ, ವಕೀಲರಿಗೆ ಅಲ್ಲಿ ಅವಕಾಶವೇ ಇಲ್ಲ. ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು, ವಿಚಾರಣೆ ವಿಡಿಯೋ ಕಾಲ್‌ನಲ್ಲೂ ನಡೆಯುತ್ತದೆ. ಕಂಪನಿ ನಿರಾಕರಿಸಿದ ಮೇಲೆ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿನ ಆದೇಶಕ್ಕೆ ಕಂಪನಿ ಬದ್ಧ.

ಇನ್ನೊಂದು, ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ಸರಿ. ಕಟ್ಟಿದ ಹಣ 5 ಲಕ್ಷದೊಳಗೆ ಇರುವುದರಿಂದ ಫೀಸಿಲ್ಲ. ಗಡುವು ಎರಡು ವರ್ಷ. ಬ್ಯಾಂಕನ್ನೂ ಎದುರುದಾರರನ್ನಾಗಿ ಸೇರಿಸಿ, ಮಾನಸಿಕ ಕಿರುಕುಳಕ್ಕೂ ಪರಿಹಾರ ಕೇಳಬಹುದು.

ನಾನಾದರೆ ಒಂಬುಡ್ಸ್‌ಮನ್ ಹತ್ತಿರವೇ ಮೊದಲು ಹೋಗಿ ಎನ್ನುತ್ತೇನೆ. ಗ್ರಾಹಕರ ಆಯೋಗದಲ್ಲಿ ಕೇಸು ಹಾಕಿದ ಮೇಲೆ ಅದೇ ವಿಷಯವನ್ನು ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ. ಒಂಬುಡ್ಸ್‌ಮನ್ ಹತ್ತಿರ ನ್ಯಾಯ ಸಿಗದಿದ್ದರೆ ಆಯೋಗದ ಬಾಗಿಲು ತೆರೆದೇ ಇರುತ್ತದೆ. ಎರಡು ವರ್ಷದ ಗಡುವನ್ನು ಮಾತ್ರ ಮರೆಯಬೇಡಿ.

ಎರಡನೇ ಕಂತಿಗಾಗಿ ಸಾಲ ಮಾಡಬೇಡಿ. ಮೋಸದ ಮಾರಾಟದ ಬಗ್ಗೆ ದೂರು ಕೊಟ್ಟಿರುವುದರಿಂದ ಕಂತು ಕಟ್ಟುತ್ತಿಲ್ಲ ಎಂದು ಪತ್ರದಲ್ಲೇ ಬರೆಯಿರಿ. ಖಾತೆಯಿಂದ ತಾನಾಗಿ ಹಣ ಕಡಿತವಾಗುವಂತೆ ಮಾಡಿಸಿದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಇನ್ನು ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಅದಕ್ಕೆ ಇನ್ನೊಂದು ಪಾಲಿಸಿ ಮಾಡಿಸಿ’ ಎಂದು ಯಾರಾದರೂ ಫೋನ್ ಮಾಡಿದರೆ ಅದೂ ಮೋಸವೇ. ವಿಮಾ ಪ್ರಾಧಿಕಾರ ಯಾರಿಗೂ ಫೋನ್ ಮಾಡಿ ಪಾಲಿಸಿ ಮಾರುವುದಿಲ್ಲ, ಬೋನಸ್ ಬಂದಿದೆ ಎಂದೂ ಹೇಳುವುದಿಲ್ಲ. ಅಂಥವರಿಗೆ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೂಲ ಬಾಂಡ್ ಕೈಬಿಡಬೇಡಿ, ಯಾರು ಕೇಳಿದರೂ ಜೆರಾಕ್ಸ್ ಕೊಡಿ.