ಕೆರೆ ಬದಿಯ ಜಾಗ: ಯಾವ ಮರ ಕಡಿಯಲಿ, ಯಾವುದನ್ನು ಬಿಡಲಿ?

ಪ್ರಶ್ನೆ: ಕಾರ್ಕಳದ ಹತ್ತಿರ ಕೆರೆಗೆ ತಾಗಿದಂತೆ ನಮ್ಮ ಹಳೇ ಹಂಚಿನ ಮನೆ ಇದೆ. ಸುತ್ತ ಒಂದೂವರೆ ಎಕರೆ ಕಾಡು. ನಾವಿರುವುದು ಬೆಂಗಳೂರಿನಲ್ಲಿ, ಬರುವುದು ವರ್ಷಕ್ಕೆ ಎರಡು ಮೂರು ಸಲ. ಹೋದ ಮಳೆಗಾಲದಲ್ಲಿ ಅಕೇಶಿಯಾ ಮರ ಬಿದ್ದು ಬಚ್ಚಲು ಕೊಟ್ಟಿಗೆಯ ಮಾಡು ಹೋಯಿತು. ಜೆಸಿಬಿ ತಂದು ನೀರಿನ ತನಕ ಬೋಳಿಸಿ, ದಡಕ್ಕೆ ಕಲ್ಲು ಕಟ್ಟಿಬಿಡಿ ಅನ್ನುತ್ತಾರೆ ಕೆಲಸದವರು. ಮಾಡಿಸಬಹುದಾ?

ಉತ್ತರ: ಸದ್ಯ ಜೆಸಿಬಿ ಬೇಡ. ನಿಮ್ಮ ಮನೆಗೆ ಅಪಾಯ ಇರುವುದು ಹೆಚ್ಚೆಂದರೆ ನಾಲ್ಕೈದು ಮರದಿಂದ. ಅವನ್ನು ಹುಡುಕಿ ತೆಗೆದರೆ ಸಾಕು.

ಏಪ್ರಿಲ್‌ನಲ್ಲಿ ಒಮ್ಮೆ ಬನ್ನಿ. ಬಿದ್ದರೆ ಮನೆಗೆ ಮುಟ್ಟುವಷ್ಟು ಹತ್ತಿರ ಇರುವ ಮರಗಳನ್ನು ಮಾತ್ರ ನೋಡಿ. ಕತ್ತಿಯ ಹಿಂಬದಿಯಿಂದ ಬುಡಕ್ಕೆ ಬಡಿಯಿರಿ. ಗಟ್ಟಿ ಮರ ಟಕ್ ಅನ್ನುತ್ತದೆ. ಟೊಳ್ಳಾದದ್ದು ಖಾಲಿ ಡ್ರಮ್ಮಿನ ಹಾಗೆ ಡಬ್ ಅನ್ನುತ್ತದೆ. ಬುಡದಲ್ಲಿ ಅಣಬೆ ಎದ್ದಿದೆಯಾ? ಒಂದು ಬದಿಯ ಮಣ್ಣು ಬಿರಿದು ಸ್ವಲ್ಪ ಮೇಲೆದ್ದಿದೆಯಾ? ಹಾಗಿದ್ದರೆ ಆ ಮರ ಮಳೆಗಾಲ ದಾಟುವುದು ಅನುಮಾನ. ಒರಲೆ ಕಂಡ ಮಾತ್ರಕ್ಕೆ ಹೆದರಬೇಡಿ, ಎಷ್ಟೋ ಸಲ ಅದು ಸತ್ತ ತೊಗಟೆಯನ್ನಷ್ಟೇ ತಿನ್ನುತ್ತಿರುತ್ತದೆ.

ಅಕೇಶಿಯಾ ಬಗ್ಗೆ ಮಾತ್ರ ನನಗೆ ಕನಿಕರ ಇಲ್ಲ. ಆಸ್ಟ್ರೇಲಿಯಾ ಕಡೆಯ ಮರ, ಬೇಗ ಬೆಳೆಯುತ್ತದೆ, ಬೇರು ಮೇಲೆಮೇಲೇ ಹರಡುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮೇಲೆ ಒಂದೆರಡು ಅಡಿ ಮಣ್ಣಿರುವ ಕಡೆ ಅದಕ್ಕೆ ಹಿಡಿತ ಎಲ್ಲಿಂದ ಬರಬೇಕು? ಮನೆ ಹತ್ತಿರದ್ದನ್ನೆಲ್ಲ ತೆಗೆಸಿ. ಆದರೆ ಸ್ವಂತ ಜಾಗದ ಮರವಾದರೂ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಇದೆ. ತೆಂಗು, ರಬ್ಬರ್‌ನಂಥ ಕೆಲವಕ್ಕೆ ವಿನಾಯಿತಿ ಉಂಟು, ಉಳಿದವಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕತ್ತಿ ಇಡುವ ಮೊದಲೇ ವಲಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಇನ್ನೊಂದು ವಿಷಯ. ಸೊನೆ ಒಣಗಿ ಕಾಂಡದ ಮೇಲೆ ಡಾಂಬರಿನಂಥ ಕಪ್ಪು ಗೆರೆ ಇಳಿದಿದ್ದರೆ ಅದು ಹೊಳಗೇರು ಇರಬಹುದು. ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಮಕ್ಕಳಿಗೆ ತೋರಿಸಿಡಿ.

ಈಗ ದಡದ ಮಾತು. ಅಲ್ಲಿನ ಕೇದಗೆ, ನೇರಳೆ, ಹೊಂಗೆ ಯಾವುದನ್ನೂ ಮುಟ್ಟಬೇಡಿ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಬೋಳಿಸಿದ ಇಳಿಜಾರಿನ ಕೆಂಪು ಮಣ್ಣು ಒಂದೇ ಮಳೆಗಾಲದಲ್ಲಿ ಕೆರೆ ಸೇರಲು ಶುರುವಾಗುತ್ತದೆ. ಕಲ್ಲು ಕಟ್ಟಿದರೆ ತಡೆಯುತ್ತದಲ್ವಾ ಅನ್ನಬಹುದು. ನೀರು ಹೋಗಲು ತೂತು ಬಿಡದೆ ಕಟ್ಟಿದ ಗೋಡೆಯ ಹಿಂದೆ ನೀರು ತುಂಬಿ, ಗೋಡೆಯೇ ಮುಂದಕ್ಕೆ ಜಾರುತ್ತದೆ. ನೀರಿನಿಂದ ಇಪ್ಪತ್ತು ಮೂವತ್ತು ಅಡಿ ಹಾಗೇ ಬಿಡಿ. ಕೆರೆಗೆ ಇಳಿಯಲು ನಾಲ್ಕಡಿ ಅಗಲದ ದಾರಿ ಸಾಕು. ಅದನ್ನೂ ನೇರ ಇಳಿಸಬೇಡಿ, ಓರೆಯಾಗಿ ಬಳಸಿ ತನ್ನಿ. ನೇರ ದಾರಿ ಮಳೆಗಾಲದಲ್ಲಿ ತೋಡಾಗುತ್ತದೆ.

ಅಂದ ಹಾಗೆ ಆ ದಡ ನಿಮ್ಮದೇನಾ? ನಮ್ಮ ಜಿಲ್ಲೆಗಳಲ್ಲಿ ವರ್ಗ ಜಾಗಕ್ಕೆ, ಅಂದರೆ ದಾಖಲೆಯಲ್ಲಿ ಸ್ವಂತ ಹೆಸರಿನಲ್ಲಿರುವ ಜಮೀನಿಗೆ, ತಾಗಿ ಕುಮ್ಕಿ ಎಂಬ ಜಾಗ ಇರುತ್ತದೆ. ಅಲ್ಲಿಂದ ಸೊಪ್ಪು, ತರಗೆಲೆ ತರುವ ಅನುಕೂಲ ಇದೆ, ಜಾಗ ಮಾತ್ರ ಸರ್ಕಾರದ್ದು. ಆರ್‌ಟಿಸಿ (ಪಹಣಿ), ನಕ್ಷೆ ನೋಡಿ. ಅನುಮಾನ ಇದ್ದರೆ ಸರ್ವೆ ಮಾಡಿಸಿ.

ಜಾಗದಲ್ಲಿ ನಾಗಬನ ಇದ್ದರೆ ಅದರ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ. ಅಲ್ಲಿ ಕತ್ತಿ ಇಡಲು ಕೆಲಸದವರೇ ಒಪ್ಪಲಿಕ್ಕಿಲ್ಲ.

ತರಗೆಲೆಯನ್ನು ಕೆರೆಗೆ ಗುಡಿಸಬೇಡಿ. ಎಲೆ ಕೊಳೆತರೆ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಬಾಯಿ ತೆರೆದು ಮೇಲೆ ಬರುತ್ತವೆ. ಮಾರ್ಚ್ ಒಳಗೆ ಮನೆ ಸುತ್ತ ಹತ್ತಡಿ ಗುಡಿಸಿ, ಬೆಂಕಿಯ ಭಯ ಕಡಿಮೆಯಾಗುತ್ತದೆ. ರಾಶಿ ಹಾಕಿ ಸಗಣಿ ನೀರು ಚಿಮುಕಿಸಿದರೆ ನಿಧಾನಕ್ಕೆ ಗೊಬ್ಬರವಾಗುತ್ತದೆ, ಮಲ್ಲಿಗೆ ಬುಡಕ್ಕೆ ಹಾಕಿ. ಮೇ ಕೊನೆಯಲ್ಲಿ ನೀವು ಬರಲಾಗದಿದ್ದರೆ ಊರಿನ ಒಬ್ಬರಿಗೆ ಹೇಳಿ ಹಂಚಿನ ಸಂದಿಯ ಎಲೆ ತೆಗೆಸಿ, ಅಂಗಳದ ನೀರು ಹರಿಯುವ ಕಣಿ ಬಿಡಿಸಿಡಿ.